ರಾತ್ರಿ ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ.

ತಾತಾರರು ಅಂದ ಕೂಡಲೇ ಕುದುರೆ, ಕತ್ತಿ, ದಾಳಿ ಇಷ್ಟೇ ನೆನಪಾಗುತ್ತದೆ, ಅಲ್ವಾ? ದಯವಿಟ್ಟು ಇವತ್ತು ಸ್ವಲ್ಪ ಹೊತ್ತು ಆ ಕುದುರೆಯನ್ನು ಕಟ್ಟಿಹಾಕಿ. ಅವರು ತಮ್ಮ ನೆಲದ ಪ್ರಶ್ನೆಯನ್ನು ತಾವೇ ಕೇಳಿಕೊಂಡ ಜನ.

922ನೇ ಇಸವಿ. ಇಂದಿನ ರಷ್ಯಾದ ವೋಲ್ಗಾ ನದಿಯ ಸೀಮೆಯಲ್ಲಿ ಬಲ್ಗಾರ್ ರಾಜ್ಯ. ಅದೇ ಸೀಮೆಯ ಕಜಾನ್ ನಗರದ ತಾತಾರರು ಆ ಜನರನ್ನು ತಮ್ಮ ಹಿರಿಯರೆಂದು ನೆನೆಯುತ್ತಾರೆ. ಬಾಗ್ದಾದಿನ ಖಲೀಫ ಅಲ್ಲಿಗೆ ಕಳಿಸಿದ ತಂಡದಲ್ಲಿ ಇಬ್ನ್ ಫದ್ಲಾನ್ ಎಂಬಾತ ಇದ್ದ, ಈ ಪಯಣದ ಕಥೆ ಬರೆದಿಟ್ಟವನು ಅವನೇ. ಅಲ್ಲಿನ ರಾಜನ ದರ್ಜಿಯೂ ಬಾಗ್ದಾದಿನವನೇ. ಅಷ್ಟು ದೂರದಲ್ಲಿ ಊರವನು ಸಿಕ್ಕರೆ ಕೇಳಬೇಕೆ? ಇಬ್ಬರೂ ಡೇರೆಯೊಳಗೆ ಮಾತಿಗೆ ಕೂತರು. ರಾತ್ರಿಯ ನಮಾಜಿನ ಅಜಾನ್ ಕೇಳಿದಾಗ ಎದ್ದರಾಯಿತು ಅಂದುಕೊಂಡರು. ಸ್ವಲ್ಪ ಹೊತ್ತಿಗೆ ಅಜಾನ್ ಕೇಳಿತು. ಹೊರಗೆ ಬಂದರೆ ಬೆಳಕು ಹರಿದಿದೆ! ಅಜಾನ್ ಕೂಗಿದವನನ್ನೇ ಇಬ್ನ್ ಫದ್ಲಾನ್ ಕೇಳಿದ:

"ಯಾವ ಅಜಾನ್ ಕೂಗಿದೆಯಪ್ಪಾ?"

"ಬೆಳಗಿನದು."

"ಮತ್ತೆ ರಾತ್ರಿಯ ನಮಾಜು?"

"ಅದನ್ನು ಸಂಜೆಯದರ ಜೊತೆಗೇ ಮುಗಿಸುತ್ತೇವೆ."

"ಹಾಗಾದರೆ ರಾತ್ರಿ?"

"ನೋಡಿದಿರಲ್ಲ, ಇಷ್ಟೇ."

ಬೆಳಗಿನ ನಮಾಜು ತಪ್ಪೀತೆಂದು ಆ ಅಜಾನ್ ಕೂಗುವವನು ಒಂದು ತಿಂಗಳಿಂದ ರಾತ್ರಿ ಮಲಗಿರಲೇ ಇಲ್ಲವಂತೆ.

ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಸಂಜೆಗೆಂಪು ಪೂರ್ತಿ ಆರಿದ ಮೇಲೆ ರಾತ್ರಿಯ ನಮಾಜು, ಇದು ನಿಯಮ. ಅಷ್ಟು ಉತ್ತರದ ಸೀಮೆಯಲ್ಲಿ, ಬೇಸಿಗೆಯಲ್ಲಿ ಆ ಬೆಳಕು ಆರದೇ ಹೋದರೆ? ಹೊತ್ತೇ ಬರಲಿಲ್ಲ, ಹಾಗಾಗಿ ನಮಾಜೂ ಇಲ್ಲ ಅಂದರು ಕೆಲವು ಪಂಡಿತರು. ಹೊತ್ತು ಅನ್ನುವುದು ಬರೀ ಗುರುತು, ಗುರುತು ಕಾಣದಿದ್ದರೆ ಕರ್ತವ್ಯ ತಪ್ಪುತ್ತದೆಯೇ ಅಂದರು ಇನ್ನು ಕೆಲವರು. ಗುರುತು ಯಾವುದು, ಕಾರಣ ಯಾವುದು? ಇದಕ್ಕಿಂತ ದೊಡ್ಡ ತತ್ವದ ಪ್ರಶ್ನೆ ಬೇಕೆ? ಬಾಗ್ದಾದಿನ ಆಕಾಶದ ಕೆಳಗೆ ಇದು ಯಾರನ್ನೂ ಕಾಡುವಂಥದ್ದಲ್ಲ. ಇದು ವೋಲ್ಗಾ ಸೀಮೆಯ ಪ್ರಶ್ನೆ. ಅವರ ನೆಲದ್ದು, ಅವರ ಆಕಾಶದ್ದು.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳುತ್ತೇನೆ. 1236ರಲ್ಲಿ ಮಂಗೋಲರ ಕೈಗೆ ಬಲ್ಗಾರ್ ಬಿತ್ತು. ಯೋಚನೆ ನಿಲ್ಲಲಿಲ್ಲ. 1391ರಲ್ಲಿ ಕವಿ ಸೈಫ್ ಸರಾಯಿ ಪಾರಸಿಯ ನೀತಿಕಥೆಗಳ ಕೃತಿ 'ಗುಲಿಸ್ತಾನ್' ಅನ್ನು ತನ್ನ ತುರ್ಕಿ ನುಡಿಗೆ ತಂದ. 1542ರಲ್ಲಿ ಕಜಾನಿನ ಕವಿ ಮುಹಮ್ಮದ್‌ಯಾರ್ ನ್ಯಾಯ, ದಯೆಗಳ ಬಗ್ಗೆ ಕಾವ್ಯ ಬರೆದ. ಹತ್ತೇ ವರ್ಷಕ್ಕೆ ಕಜಾನೂ ರಷ್ಯಾದ ತ್ಸಾರನ ಪಾಲಾಯಿತು.

ಆದರೂ ಆ ಪ್ರಶ್ನೆ ಬದುಕಿತ್ತು. 1870ರಲ್ಲಿ ಕಜಾನಿನ ವಿದ್ವಾಂಸ ಶಿಹಾಬುದ್ದೀನ್ ಮರ್ಜಾನಿ ಅದಕ್ಕಾಗಿಯೇ ಒಂದು ಪುಸ್ತಕ ಅಚ್ಚು ಮಾಡಿಸಿದರು. ಸಂಜೆಯ ಬೆಳಕು ಆರದಿದ್ದರೂ ರಾತ್ರಿಯ ನಮಾಜು ಬಿಡುವಂತಿಲ್ಲ ಎಂದು ವಾದಿಸಿದರು.

ನಮಸ್ಕಾರ.