ಕಾಕಾನ ಲಿಂಬೆ ತೋಟದಲ್ಲಿ ಬೆಂಕಿ ಇರುವೆ

ಇಲ್ಲಿ ಕ್ಯಾಮೆರಾ ಯಾಕೆ ಆಕಾಶ ನೋಡುತ್ತಿದೆ ಅಂತ ಕೇಳಬೇಡಿ. ಅದು ಕಲೆ ಅಲ್ಲ. ಫೋನ್ ಕೈಬಿಟ್ಟು ನಾನು ಕುಣಿಯುತ್ತಿದ್ದೇನೆ. ಹಿಂದೆ ಕೇಳುತ್ತಿರುವ ನಗು ನಮ್ಮ ಕಾಕಾನದು.

ಇದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಆ ಲಿಂಬೆ ತೋಟ ತೋರಿಸೋಣ ಅಂತ ಬಂದಿದ್ದೆ. ಒಂದು ಗಿಡದ ಬುಡದಲ್ಲಿ ಡ್ರಿಪ್ ಪೈಪ್ ಸೋರುತ್ತಿತ್ತು. ಕಾಕಾ ಅದನ್ನು ನೋಡಲು ಕೂತರು. ನಾನು ಚಪ್ಪಲಿ ಕಾಲಲ್ಲೇ ಪಕ್ಕಕ್ಕೆ ನಿಂತು ಶೂಟ್ ಮಾಡುತ್ತಿದ್ದೆ. ನಿಂತಿದ್ದು ಸರಿಯಾಗಿ ಇರುವೆ ಗೂಡಿನ ಮೇಲೆ.

ಮೊದಲು ಏನೂ ಗೊತ್ತಾಗಲಿಲ್ಲ. ಸದ್ದಿಲ್ಲದೆ ಪಾದ ಹತ್ತಿವೆ, ಮೀನಖಂಡದವರೆಗೆ ಬಂದಿವೆ. ಆಮೇಲೆ ಎಲ್ಲವೂ ಒಟ್ಟಿಗೆ ಶುರು ಮಾಡಿದವು. ಬೀಡಿಯ ತುದಿಯನ್ನು ಹತ್ತು ಕಡೆ ಚುಚ್ಚಿದ ಹಾಗೆ.

'ಹೇಳಿದ್ನಿಲ್ಲ ಯವ್ವಾ, ಅಲ್ಲಿ ಕೆಂಜಿಗ ಅದಾವ ಅಂತ' ಅಂದರು ಕಾಕಾ. ಹೇಳಿರಲಿಲ್ಲ. ನನ್ನ ಹತ್ತಿರ ಫುಟೇಜ್ ಇದೆ.

ಸಂಜೆ ಮಾಳಿಗೆ ಮೇಲೆ ಕೂತು ಕಾಲು ತುರಿಸಿಕೊಳ್ಳುತ್ತಿದ್ದಾಗ ನಮ್ಮ ತಮ್ಮ ಒಂದು ವಿಡಿಯೋ ತೋರಿಸಿದ. ಅಮೆರಿಕದ ಯಾವುದೋ ಹುಲ್ಲುಗಾವಲು, ಮೊಣಕಾಲೆತ್ತರದ ಮಣ್ಣಿನ ಗುಡ್ಡೆ, ಕೋಲು ಚುಚ್ಚಿದರೆ ಕುದಿಯುವ ಎಣ್ಣೆಯ ಹಾಗೆ ಉಕ್ಕುವ ಇರುವೆಗಳು. 'ಅಕ್ಕಾ, ಇವೇ ಫೈರ್ ಆಂಟ್. ನಿನಗೆ ಕಚ್ಚಿದ್ದೂ ಇವೇ' ಅಂದ. ಅವನು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ಆ ಅರ್ಧ ಯಾವುದು ಅಂತ ಹುಡುಕಲು ಹೋಗಿ ನನ್ನ ಲಿಂಬೆ ವ್ಲಾಗ್ ಇರುವೆ ವ್ಲಾಗ್ ಆಯಿತು. ಕ್ಷಮಿಸಿ. ಲಿಂಬೆ ಮುಂದಿನ ವಾರ.

ಬೆಂಕಿ ಇರುವೆ ಅಂದರೆ ಕೆಂಪಗಿರುವ ಎಲ್ಲಾ ಇರುವೆಯೂ ಅಲ್ಲ. ಸೊಲೆನಾಪ್ಸಿಸ್ ಅಂತ ಇರುವೆಗಳ ಒಂದು ಕುಲ ಇದೆ. ಅದರಲ್ಲಿ ಇನ್ನೂರು ಚಿಲ್ಲರೆ ಜಾತಿ. ಬಹುಪಾಲು ಪುಟಾಣಿಗಳು. ಬೇರೆ ಇರುವೆಗಳ ಗೂಡಿನ ಪಕ್ಕದಲ್ಲೇ ಮನೆ ಮಾಡಿ ಅಲ್ಲಿಂದ ಕದ್ದು ತಿನ್ನುವವೂ ಇವೆ. ಅವು ಯಾರ ಕಾಲಿಗೂ ಬರುವುದಿಲ್ಲ. ಸುಮಾರು ಇಪ್ಪತ್ತು ಜಾತಿಗೆ ಮಾತ್ರ ಬೆಂಕಿ ಇರುವೆ ಅನ್ನುವ ಹೆಸರು. ಆ ಇಪ್ಪತ್ತರ ಮೂಲ ಊರು ಅಮೆರಿಕ ಖಂಡಗಳು.

ತಮ್ಮನ ವಿಡಿಯೋದಲ್ಲಿ ಇದ್ದದ್ದು ಸೊಲೆನಾಪ್ಸಿಸ್ ಇನ್ವಿಕ್ಟಾ. ಇನ್ವಿಕ್ಟಾ ಅಂದರೆ ಲ್ಯಾಟಿನ್‌ನಲ್ಲಿ ಸೋಲದವಳು. 1972ರಲ್ಲಿ ಇಟ್ಟ ಹೆಸರು. ಅಷ್ಟು ಹೊತ್ತಿಗೆ ಅಮೆರಿಕದವರು ಔಷಧಿ ಹೊಡೆದೂ ಹೊಡೆದೂ ಸುಸ್ತಾಗಿದ್ದರು, ಹೆಸರಿನಲ್ಲೇ ಗೊತ್ತಾಗುತ್ತದೆ ಅಲ್ವಾ? ದಕ್ಷಿಣ ಅಮೆರಿಕದ ಬ್ರೆಜಿಲ್, ಪರಾಗ್ವೆ, ಅರ್ಜೆಂಟೀನಾ ಕಡೆಯದು ಇದು. 1930ರ ದಶಕದಲ್ಲಿ ಹಡಗಿನ ಸರಕಿನ ಜೊತೆ ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ಬಂದರಿಗೆ ಇಳಿಯಿತು. ಅದಕ್ಕೂ ಮೊದಲು ಅದೇ ಬಂದರಿಗೆ ರಿಕ್ಟೆರಿ ಅನ್ನುವ ಕಪ್ಪು ಬೆಂಕಿ ಇರುವೆ ಬಂದು ಕೂತಿತ್ತು. ಹೌದು, ಬೆಂಕಿ ಇರುವೆ ಕಪ್ಪೂ ಇರುತ್ತದೆ. ಮೊಬೀಲ್‌ನಲ್ಲಿ 1942ರಲ್ಲಿ ಕೆಂಪು ಇರುವೆಯ ಗೂಡನ್ನು ಗಮನಿಸಿ ಬರೆದಿಟ್ಟವನು 13 ವರ್ಷದ ಒಬ್ಬ ಹುಡುಗ. ಮುಂದೆ ಅವನೇ ಇರುವೆಗಳ ದೊಡ್ಡ ವಿಜ್ಞಾನಿ ಇ. ಓ. ವಿಲ್ಸನ್ ಆದ. ನಾನು 13ನೇ ವರ್ಷದಲ್ಲಿ ಇರುವೆ ಕಂಡರೆ ಕಾಲಲ್ಲಿ ಉಜ್ಜುತ್ತಿದ್ದೆ.

ಆಮೇಲೆ ಅದು 2001ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಸಿಕ್ಕಿತು, ಮುಂದೆ ತೈವಾನ್, ಚೀನಾ. 2023ರಲ್ಲಿ ಇಟಲಿಯ ಸಿಸಿಲಿಯಲ್ಲೂ. ಪ್ರವಾಹ ಬಂದರೆ ಇವು ಕಾಲಿಗೆ ಕಾಲು, ಬಾಯಿಗೆ ಬಾಯಿ ಹಿಡಿದು ತೆಪ್ಪ ಆಗುತ್ತವೆ. ರಾಣಿ ಮತ್ತು ಮರಿಗಳನ್ನು ಹೊತ್ತು ತೇಲುತ್ತವೆ. ಎಲ್ಲಿ ದಡ ಸಿಕ್ಕಿತೋ ಅಲ್ಲಿ ಸಂಸಾರ.

ಹಾಗಾದರೆ ಇಂಡಿಯಲ್ಲಿ ನನ್ನನ್ನು ಕುಣಿಸಿದ್ದು ಯಾರು? ಮರುದಿನ ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ, ಶೂ ಹಾಕಿಕೊಂಡು, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ ಮತ್ತೆ ಹೋದೆ. ಈ ಕ್ಲಿಪ್ ನಿಧಾನವಾಗಿ ನೋಡಿ. ಸಣ್ಣ ಇರುವೆಗಳ ನಡುವೆ ಒಂದು ದೊಡ್ಡದು ಬರುತ್ತದೆ. ಬಂತು. ತಲೆ ನೋಡಿ. ಮೈಗಿಂತ ತಲೆಯೇ ದೊಡ್ಡದು, ಚೌಕ ಆಕಾರ, ಹಿಂಭಾಗದ ನಡುವೆ ಬೆರಳಿಂದ ಒತ್ತಿದ ಹಾಗೆ ತಗ್ಗು. ಮೀಸೆಯಲ್ಲಿ ಹತ್ತು ಗಂಟು, ತುದಿಯ ಎರಡು ದಪ್ಪ. ಸೊಂಟದಲ್ಲಿ ಎರಡು ಗುಬುಟು. ಇದು ಸೊಲೆನಾಪ್ಸಿಸ್ ಜೆಮಿನೇಟಾ, ಉಷ್ಣವಲಯದ ಬೆಂಕಿ ಇರುವೆ.

ಆ ದೊಡ್ಡ ತಲೆಯಲ್ಲಿ ಇರುವುದು ಬುದ್ಧಿ ಅಲ್ಲ, ದವಡೆಯ ಸ್ನಾಯು. ಕಾಳು ಒಡೆಯುವ ಕೆಲಸ ಇವುಗಳದು. ಗೂಡಿನ ಬೀಸುಕಲ್ಲು ಅನ್ನಿ. ಇದನ್ನು ಕೇಳಿ ಕಾಕಾ ಒಮ್ಮೆಲೇ ಎದ್ದು ಕೂತರು. 'ಅದಕ್ಕ ನೋಡು, ಬಿತ್ತಿದ ಜ್ವಾಳದಾಗ ಸಾಲಿಗೆ ಸಾಲ ಹುಟ್ಟಂಗಿಲ್ಲ.' ಎಲ್ಲಾ ಸಾಲಿಗೂ ಇದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಬಿತ್ತಿದ ಕಾಳು ಹೊತ್ತೊಯ್ಯುವುದು ಇದರ ಹಳೆಯ ಚಾಳಿ. ಸೋರುವ ಡ್ರಿಪ್ ಪೈಪ್ ಇತ್ತಲ್ಲ, ಅದರ ತೂತಿನ ಅಂಚು ನೋಡಿ, ಕಡಿದ ಹಾಗಿದೆ. ಡ್ರಿಪ್ ಪೈಪ್ ಕೊರೆಯುವುದರಲ್ಲೂ ಈ ಜಾತಿಗೆ ಬೇರೆ ದೇಶಗಳಲ್ಲಿ ಹೆಸರು ಕೆಟ್ಟಿದೆ. ಇನ್ನು ಲಿಂಬೆ ಚಿಗುರಿನ ಮೇಲೆ ಸಸ್ಯಹೇನು, ಹಿಟ್ಟು ತಿಗಣೆ ಕೂತರೆ ಅವು ಬಿಡುವ ಸಿಹಿ ಅಂಟಿಗೆ ಇವು ಕಾವಲು ನಿಲ್ಲುತ್ತವೆ. ನಾವು ಎಮ್ಮೆ ಕಟ್ಟಿದ ಹಾಗೆ.

ಆದರೂ ಪೂರ್ತಿ ಖಳನಾಯಕ ಮಾಡಲು ಮನಸ್ಸಾಗಲಿಲ್ಲ. ಕಳೆಯ ಬೀಜ ತಿನ್ನುತ್ತದೆ, ಹುಳದ ಮೊಟ್ಟೆ, ಮರಿ ಹೊತ್ತೊಯ್ಯುತ್ತದೆ. ಆ ಕೂಲಿ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ.

ನನಗೆ ಜಾಸ್ತಿ ಇಷ್ಟ ಆದದ್ದು ಇದು ಇಲ್ಲಿಗೆ ಬಂದ ದಾರಿ. 1565ರಿಂದ ಸ್ಪೇನ್‌ನವರ ಹಡಗುಗಳು ಮೆಕ್ಸಿಕೋದ ಅಕಪುಲ್ಕೋ ಮತ್ತು ಫಿಲಿಪ್ಪೀನ್ಸ್‌ನ ಮನಿಲಾ ನಡುವೆ ಓಡಾಡುತ್ತಿದ್ದವು. ಬೆಳ್ಳಿ ಹೊತ್ತು ಬರುವುದು, ರೇಷ್ಮೆ, ಮಸಾಲೆ ಹೊತ್ತು ಹೋಗುವುದು. ಹಡಗು ಓಲಾಡದಿರಲಿ ಅಂತ ತಳದಲ್ಲಿ ಮಣ್ಣು, ಕಲ್ಲು ತುಂಬುತ್ತಿದ್ದರು. ಬಂದರಲ್ಲಿ ಆ ಮಣ್ಣು ಸುರಿದು ಸರಕು ಹೇರುತ್ತಿದ್ದರು. ಮಣ್ಣಿನ ಜೊತೆ ಇರುವೆಯೂ ಇಳಿಯಿತು. ಬೇರೆ ಬೇರೆ ದೇಶದ ಜೆಮಿನೇಟಾ ಇರುವೆಗಳ ಜೀನ್ ಹೋಲಿಸಿ ವಿಜ್ಞಾನಿಗಳು 2015ರಲ್ಲಿ ಈ ಜಾಡು ಬಿಡಿಸಿದರು. ಮನಿಲಾದಿಂದ ಮುಂದೆ ಬೇರೆ ಹಡಗು, ಬೇರೆ ಬಂದರು. ಭಾರತದ ಇರುವೆಗಳ ಬಗ್ಗೆ 1903ರಲ್ಲಿ ಅಚ್ಚಾದ ಪಟ್ಟಿಯಲ್ಲೇ ಇದರ ಹೆಸರಿದೆ. ಅಂದರೆ ಕಾಕಾನ ಅಜ್ಜನ ಕಾಲಿಗೂ ಇದು ಕಡಿದಿರಬಹುದು.

ಈಗ ಕಚ್ಚುವ ವಿಷಯ. ಇರುವೆ ಕಚ್ಚಿದರೆ ಫಾರ್ಮಿಕ್ ಆಮ್ಲ ಅಂತ ಶಾಲೆಯಲ್ಲಿ ಓದಿದ್ದೆವು. ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಗೆ ಅದು ಸರಿ. ಮಲೆನಾಡಿನವರು ಚಗಳಿ ಅಂತ ಚಟ್ನಿ ಮಾಡುತ್ತಾರಲ್ಲ, ಅದೇ. ಅದಕ್ಕೆ ಮುಳ್ಳಿಲ್ಲ. ಬಾಯಿಂದ ಕಚ್ಚಿ, ಗಾಯದ ಮೇಲೆ ಆಮ್ಲ ಚಿಮ್ಮಿಸುತ್ತದೆ. ಆ ವಿಡಿಯೋ ಹಾಕಿದರೂ ಕೆಳಗೆ ಫೈರ್ ಆಂಟ್ ಅಂತ ಬರೆಯುವವರಿದ್ದಾರೆ. ಅಲ್ಲ, ಅದು ಬೇರೆ ಮನೆತನ.

ಬೆಂಕಿ ಇರುವೆ ದವಡೆಯಿಂದ ಚರ್ಮ ಕಚ್ಚಿ ಹಿಡಿಯುವುದು ಬರೀ ನೆಲೆ ನಿಲ್ಲಲು. ಆಮೇಲೆ ಹಿಂಭಾಗ ಬಗ್ಗಿಸಿ ಮುಳ್ಳು ಚುಚ್ಚುತ್ತದೆ. ಬಾಯಿ ಬಿಡದೆ, ಗಾಣದ ಎತ್ತಿನ ಹಾಗೆ ಸುತ್ತು ತಿರುಗಿ ಮತ್ತೆ ಮತ್ತೆ ಚುಚ್ಚುತ್ತದೆ. ವಿಷದಲ್ಲಿ ಬಹುಪಾಲು ಆಲ್ಕಲಾಯ್ಡ್‌ಗಳು, ಅವಕ್ಕೆ ಸೊಲೆನಾಪ್ಸಿನ್ ಅನ್ನುತ್ತಾರೆ. ಅದು ಆಮ್ಲವಲ್ಲ. ಹಾಗಾಗಿ ಸುಣ್ಣ ಹಚ್ಚಿದರೆ ಆಮ್ಲ ಸಾಯುತ್ತದೆ ಅನ್ನುವ ಲೆಕ್ಕ ಇಲ್ಲಿ ಕೂಡುವುದಿಲ್ಲ. ಆಯಿ ಅಷ್ಟರಲ್ಲಿ ನನ್ನ ಕಾಲಿಗೆ ಸುಣ್ಣ ಬಳಿದಾಗಿತ್ತು, ಅದು ಬೇರೆ ಮಾತು. ಕೀಟ ಕಡಿತಗಳ ನೋವಿಗೆ ಜಸ್ಟಿನ್ ಶ್ಮಿಟ್ ಅನ್ನುವ ವಿಜ್ಞಾನಿ ಒಂದರಿಂದ ನಾಲ್ಕರವರೆಗೆ ಅಂಕ ಕೊಟ್ಟಿದ್ದರು. ಜೇನಿಗೆ ಎರಡು. ಬೆಂಕಿ ಇರುವೆಗೆ ಬರೀ ಒಂದು. ಆದರೆ ಅದು ಒಂದೇ ಇರುವೆಯ ಲೆಕ್ಕ. ಇವು ಒಂದೇ ಬರುವುದು ಯಾವಾಗ?

ಕಡಿದರೆ ಮೊದಲು ಅಲ್ಲಿಂದ ಓಡಿ. ಕೊಡವಿದರೆ ಸಾಲದು, ಕೈಯಿಂದ ಉಜ್ಜಿ ತೆಗೆಯಬೇಕು. ಸೋಪು, ತಣ್ಣೀರು, ಐಸ್. ಗುಳ್ಳೆ ಎದ್ದರೆ ಒಡೆಯಬೇಡಿ. ತುಟಿ, ಮುಖ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಸುಣ್ಣ, ಅರಿಶಿನ ಯಾವುದೂ ಬೇಡ, ಸೀದಾ ಆಸ್ಪತ್ರೆ. ಅಲರ್ಜಿ ಇರುವವರ ಜೀವಕ್ಕೇ ಅಪಾಯ.

ಹೆಸರಿನ ಗೊಂದಲ ಇನ್ನೂ ಇದೆ. ಯುರೋಪಿನ ಮಿರ್ಮಿಕಾ ರೂಬ್ರಾ ಅನ್ನುವುದಕ್ಕೆ ಯುರೋಪಿಯನ್ ಫೈರ್ ಆಂಟ್ ಅಂತಾರೆ. ಒಂದೂವರೆ ಮಿಲಿಮೀಟರ್‌ನ ವಾಸ್ಮಾನಿಯಾಕ್ಕೆ ಲಿಟಲ್ ಫೈರ್ ಆಂಟ್. ಎರಡೂ ಸೊಲೆನಾಪ್ಸಿಸ್ ಅಲ್ಲ. ಉರಿಸುತ್ತವೆ, ಅದಕ್ಕೆ ಹೆಸರು ಅಂಟಿದೆ ಅಷ್ಟೇ. ನಮ್ಮ ಕೆಂಜಿಗ ಅನ್ನುವ ಮಾತೂ ಹಾಗೇ ಅಲ್ವಾ, ಕೆಂಪಗಿದ್ದು ಕಡಿದರೆ ಸಾಕು.

ಮಧ್ಯಾಹ್ನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. 'ಕಾಕಾ, ಈ ಇರುವೆ ಮೆಕ್ಸಿಕೋ ಕಡೆಯಿಂದ ಬಂದದ್ದು' ಅಂದೆ. 'ಇರಬಹುದು, ಭಾಳ ಸೊಕ್ಕ ಅದ' ಅಂದರು. ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಹಿಂಡಿಯಲ್ಲಿರುವ ಮೆಣಸಿನಕಾಯಿಯೂ ಅದೇ ಕಡೆಯದು, ಶೇಂಗಾದ ತವರು ದಕ್ಷಿಣ ಅಮೆರಿಕ, ಆ ಇನ್ವಿಕ್ಟಾ ಇರುವೆಯ ಸೀಮೆಯದು ಅಂತ ಹೇಳಿಬಿಟ್ಟೆ.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಇಲ್ಲಿ ಅವರ ಮುಖ ನೋಡಿ.

'ಇರಿವಿ ಬೇಕಾದರ ಅವರದಾಗಲಿ. ಮೆಣಸಿನಕಾಯಿ ನಮ್ಮದು. ಮೊಬೈಲ್ ನೋಡೂದು ಬಿಟ್ಟು ಊಟ ಮಾಡು.'

ಊಟ ಆದ ಮೇಲೆ ಪೈಪ್ ಕತ್ತರಿಸಿ ಜಾಯಿಂಟ್ ಹಾಕಿದೆವು. ನಾನು ಶೂ ಹಾಕಿಕೊಂಡು ಹತ್ತು ಅಡಿ ದೂರದಿಂದ ಶೂಟ್ ಮಾಡಿದೆ. ಕಾಕಾ ಬರಿಗಾಲಲ್ಲೇ ಕೂತಿದ್ದರು. ಅವರಿಗೆ ಒಂದೂ ಕಡಿಯಲಿಲ್ಲ.