ಹಾಗಲ್ಲ ರಾಯರ ಮ್ಯೂಸಿಯಂ

(ದೃಶ್ಯ: ಮೈಸೂರು ಅಗ್ರಹಾರದ ಹಳೇ ಮನೆ, ಜಗಲಿ, ಬೋರ್ಡು)

ನಮಸ್ಕಾರ! ಈ ಮ್ಯೂಸಿಯಂ ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕಬೇಡಿ. ಮ್ಯೂಸಿಯಮ್ಮೂ ಇಲ್ಲ, ರಾಯರೂ ಇಲ್ಲ, ಎಲ್ಲಾ ನನ್ನ ಕಟ್ಟುಕತೆ. ಇಸವಿಗಳು ಮಾತ್ರ ನಿಜ.

ರಾಯರು ರಿಟೈರ್ಡ್ ಮೇಷ್ಟ್ರು. ಯಾರು ಏನೇ ಹೇಳಲಿ, "ಹಾಗಲ್ಲ" ಅಂತಲೇ ಶುರು. ಬೀಗರು "ಕಾಫಿ ಚೆನ್ನಾಗಿದೆ" ಅಂದರೂ "ಹಾಗಲ್ಲ". ಹೆಂಡತಿಗೆ ಸಾಕಾಯಿತು. "ಮುಂದಿನ ರೂಮು ನಿಮ್ಮದು. ಅಡುಗೆಮನೆ ಕಡೆ ಬರಬೇಡಿ" ಎಂದರು. ಮ್ಯೂಸಿಯಂ ಹುಟ್ಟಿದ್ದು ಹೀಗೆ.

(ದೃಶ್ಯ: ದೀಪ ಹಿಡಿದ ಹೆಂಗಸಿನ ಕ್ಯಾಲೆಂಡರ್)

ಇದರ ಮೂಲಚಿತ್ರ ಜಗನ್ಮೋಹನ ಅರಮನೆಯಲ್ಲಿದೆ, ನೋಡಿರುತ್ತೀರಿ ಅಲ್ವಾ? ಬಂದವರು "ಆಹಾ, ರವಿವರ್ಮ!" ಅನ್ನಲಿ ಅಂತ ರಾಯರು ಬಾಗಿಲ ಹಿಂದೆ ಕಾಯುತ್ತಿದ್ದರು. ಅಂದರೋ, ಸಿಕ್ಕಿಬಿದ್ದರು.

"ಹಾಗಲ್ಲ! ಬರೆದದ್ದು ಎಸ್. ಎಲ್. ಹಲ್ದಂಕರ್. ಜಲವರ್ಣ. ದೀಪ ಹಿಡಿದು ನಿಂತವಳು ಅವರ ಮಗಳು. 1906ರಲ್ಲೇ ತೀರಿಹೋದ ರವಿವರ್ಮ 1940ರ ದಶಕದ ಚಿತ್ರ ಹೇಗ್ರೀ ಬರೀತಾರೆ?"

ಒಮ್ಮೆ ಒಬ್ಬ ಹುಡುಗಿ "ಹಲ್ದಂಕರ್ ಅವರದ್ದು ಅಲ್ವಾ ತಾತ?" ಎಂದಳು. ಅವತ್ತು ರಾಯರಿಗೆ ಊಟ ಸೇರಲಿಲ್ಲ.

ಪಕ್ಕದಲ್ಲೊಂದು ಸ್ವಿಚ್ಚು. ಒತ್ತಿದರೆ ಏನೂ ಹತ್ತಲ್ಲ. ಕೆಳಗೆ ಚೀಟಿ: "ಶಿವನಸಮುದ್ರದ ಕರೆಂಟು, 1902." ನಮ್ಮ ಮಂಡ್ಯದ ಕಡೆ ಹುಟ್ಟಿದ ಆ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಆಮೇಲೆ, 1905ರಲ್ಲಿ, ಬೆಂಗಳೂರಿಗೆ. ಆ ಸಿಟ್ಟಿಗೆ ರಾಯರು ಬಲ್ಬೇ ಹಾಕಿಸಲಿಲ್ಲ.

(ದೃಶ್ಯ: ಗಾಜಿನ ಡಬ್ಬಿಯಲ್ಲಿ ಇದ್ದಿಲು)

ಇದು ರಾಯರ ಪ್ರಾಣ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಹೊತ್ತಿನಲ್ಲಿ ಮರದ ಅರಮನೆ ಸುಟ್ಟುಹೋಯಿತು. ಇವತ್ತು ನಾವು ಮುಂದೆ ನಿಂತು ಸೆಲ್ಫಿ ತೆಗೆಯೋದು ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ, 1912ರಲ್ಲಿ ಮುಗಿದ ಅರಮನೆ. ಸುಟ್ಟ ಅರಮನೆಯದ್ದೇ ಈ ಇದ್ದಿಲು ಅಂತ ರಾಯರು ಎಲ್ಲರಿಗೂ ಹೇಳುತ್ತಿದ್ದರು. ಒಂದು ದಿನ ಎದುರಿನ ಇಸ್ತ್ರಿ ಅಂಗಡಿಯವನು ಒಳಗೆ ಬಂದ.

"ಹಾಗಲ್ಲ ಸ್ವಾಮಿ, ಅದು ನನ್ನ ಇಸ್ತ್ರಿಪೆಟ್ಟಿಗೇದು. ನಿಮ್ಮ ಮೊಮ್ಮಗ ಎತ್ತಿಕೊಂಡು ಬಂದಿದ್ದ."

ರಾಯರು ಎರಡು ದಿನ ಮಾತಾಡಲಿಲ್ಲ. ಮನೆಯವರು ಪಾಯಸ ಮಾಡಿದರಂತೆ.

ಇನ್ನು ಆ ಬೋರ್ಡು. ಬರೆಯುವವನು ಒಂದು ಒತ್ತು ನುಂಗಿ, ದುಡ್ಡು ಈಸಿಕೊಂಡು ಹೋಗಿಬಿಟ್ಟ. "ಹಾಗಲ ರಾಯರ ಮ್ಯೂಸಿಯಂ" ಅಂತಲೇ ಉಳಿಯಿತು. ಮಾರನೇ ಬೆಳಿಗ್ಗೆ ಒಬ್ಬರು ಕೈಚೀಲ ಹಿಡಿದು ಬಾಗಿಲು ತಟ್ಟಿದರು.

"ಹಾಗಲ ಕೇಜಿ ಎಷ್ಟು?"

"ಹಾಗಲ್ಲಮ್ಮಾ..."

"ಹಾಗಲ ಇಲ್ವಾ? ಸರಿ ಬಿಡಿ, ಸೋರೆಕಾಯಿ ಕೊಡಿ."