ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಅದೂ ದೋಸೆ ಹೊತ್ತಿನಲ್ಲಿ, ಒಂದು ಮುಳ್ಳುಗಿಡದ ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಸಂತೋಷ.

ಮೇಜಿನ ಮೇಲಿರುವ ಈ ಗಿಡ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿದೆ. ಮೈತುಂಬ ಮುಳ್ಳು, ತುದಿಯಲ್ಲಿ ಒಂದಿಷ್ಟು ಎಲೆ, ಮೇಲೆ ಕೆಂಪು ಹೂವಿನ ಗೊಂಚಲು. ನರ್ಸರಿಯಲ್ಲಿ ಯುಫೋರ್ಬಿಯಾ ಅಂತಾರೆ. ಕ್ರಿಸ್ತನ ಮುಳ್ಳಿನ ಕಿರೀಟ ಇದರದ್ದೇ ಎಂಬ ನಂಬಿಕೆಯಿಂದ ಕ್ರೌನ್ ಆಫ್ ಥಾರ್ನ್ಸ್ ಅಂತಲೂ ಹೆಸರಿದೆ. ತವರು ಮಡಗಾಸ್ಕರ್. ರಿಯೂನಿಯನ್ ದ್ವೀಪದ ಗವರ್ನರ್ ಆಗಿದ್ದ ಮಿಲಿಯುಸ್ ಎಂಬಾತ 1821ರಲ್ಲಿ ಇದನ್ನು ಫ್ರಾನ್ಸಿಗೆ ತಲುಪಿಸಿದ. ಅವನ ಹೆಸರೇ ಅಂಟಿಕೊಂಡು ಯುಫೋರ್ಬಿಯಾ ಮಿಲಿಯೈ ಆಯಿತು. ದಪ್ಪ ಗೊಂಚಲಿನ, ಬಣ್ಣಬಣ್ಣದ ತಳಿಗಳು ಥಾಯ್ಲೆಂಡಿನವು.

ಇದನ್ನು ಕ್ಯಾಕ್ಟಸ್ ಅಂತ ಮಾರುತ್ತಾರೆ. ಅಲ್ಲ. ಒಂದು ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ. ನಮ್ಮ ಹಳ್ಳಿ ಬೇಲಿಯ ಬೊಂತೆಕಳ್ಳಿ, ಎಲೆಕಳ್ಳಿಗಳ ಜಾತಿ ಇದು. ಹರಳು, ಮರಗೆಣಸು, ರಬ್ಬರ್ ಮರ ಎಲ್ಲ ಇದರ ನೆಂಟರೇ. ನಾವು ಹೂವಿನ ಎಸಳು ಅಂದುಕೊಂಡಿರುವ ಕೆಂಪು ಭಾಗ ಕೂಡ ಎಸಳಲ್ಲ, ಬಣ್ಣ ತಿರುಗಿದ ಎಲೆ. ನಿಜವಾದ ಹೂವು ನಡುವೆ ಇರುವ ಆ ಪುಟಾಣಿ ಹಳದಿ ಗುಂಡಿ.

ಸರಿ, ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ವಾರಕ್ಕೆ ಎಷ್ಟು ಸಲ ನೀರು? ನಾನು ತಿರುಗಿ ಕೇಳುತ್ತೇನೆ: ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ?

ಸುಮ್ನೆ ಕೇಳುವುದಲ್ಲ. ಈ ಗಿಡಕ್ಕೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೇಕು. ಬಿಸಿಲಿದ್ದರೆ ಅದು ನೀರು ಕುಡಿಯುತ್ತದೆ. ಇಲ್ಲದಿದ್ದರೆ ಆ ನೀರು ಪಾಟಿನಲ್ಲೇ ನಿಂತು ಬೇರು ಕೊಳೆಯುತ್ತದೆ. ನಮ್ಮದು ದಕ್ಷಿಣದ ಬಾಲ್ಕನಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬಿಸಿಲು ಹಾಲ್‌ವರೆಗೂ ಬರುತ್ತದೆ, ಗಿಡದ ತುಂಬ ಹೂವು. ಜೂನ್ ಬಂತು, ಎಲೆ ಹಳದಿ! ಮೂರು ವರ್ಷ ಗೊಬ್ಬರದ ಮೇಲೆ ಗೊಬ್ಬರ ಹಾಕಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ನೆರಳೇ ಇಲ್ಲದ ದಿನ ಬರುತ್ತದಲ್ಲ, ಮಕ್ಕಳು ಶಾಲೆಯಲ್ಲಿ ಕೋಲು ನೆಟ್ಟು ನೋಡುತ್ತಾರೆ. ಅವತ್ತು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಮೇಲೆ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ. ಅಂದರೆ ನನ್ನ ಬಾಲ್ಕನಿಗೆ ಬೆನ್ನು! ಮೊಮ್ಮಗಳ ಕೋಲಿನಿಂದ ನನಗೆ ಇದು ತಿಳಿದದ್ದು. ಈಗ ಏಪ್ರಿಲ್ ಕೊನೆಗೆ ಪಾಟುಗಳೆಲ್ಲ ಟೆರೇಸಿಗೆ ಹೋಗುತ್ತವೆ, ಮಳೆ ನೇರ ಬೀಳದ ಕಡೆ.

ಟೆರೇಸಿಲ್ಲದವರು ಆ ನಾಲ್ಕು ತಿಂಗಳು ನೀರಿನ ಕೈ ಬಿಗಿ ಹಿಡಿಯಬೇಕು. ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತಂಪು ತಗುಲಿದರೆ ಚೊಂಬು ಕೆಳಗಿಡಿ. ಪೂರ್ತಿ ಒಣಗಿದ್ದರೆ ತಳದ ತೂತಿನಿಂದ ಇಳಿದುಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಎಲೆ ಉದುರಿದ ಕೂಡಲೇ ಬಾಯಾರಿಕೆ ಅಂದುಕೊಳ್ಳಬೇಡಿ. ಕಾಂಡ ಒತ್ತಿ ನೋಡಿ. ಗಟ್ಟಿಯಾಗಿದ್ದು ಮಣ್ಣು ಒಣಗಿದ್ದರೆ ನೀರು ಬೇಕು. ಬುಡ ಮೆತ್ತಗಾಗಿ ಕಪ್ಪಾಗಿದ್ದರೆ ನೀರು ಜಾಸ್ತಿಯಾಗಿದೆ. ಆಗ ಮೇಲಿನ ಒಳ್ಳೆಯ ಕೊಂಬೆ ಕತ್ತರಿಸಿ ಹೊಸದಾಗಿ ನೆಡುವುದೊಂದೇ ದಾರಿ.

ಮಣ್ಣಿಗೆ ದೊಡ್ಡ ಮಂತ್ರವೇನಿಲ್ಲ. ಅರ್ಧ ಕೆಂಪು ಮಣ್ಣು, ಉಳಿದರ್ಧ ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ. ನರ್ಸರಿಯಿಂದ ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಬಂದ ಗಿಡವನ್ನು ಹಾಗೇ ಬಿಡಬೇಡಿ. ಅದು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ. ಬಿಳಿ ಹಿಟ್ಟು ತಿಗಣೆ ಬಂದರೆ ಬೇವಿನೆಣ್ಣೆಗೆ ಎರಡು ಹನಿ ಸೋಪು ಬೆರೆಸಿ, ನೀರಲ್ಲಿ ಕದಡಿ ಸಂಜೆ ಸಿಂಪಡಿಸಿ.

ಇನ್ನು ಹಾಲಿನ ವಿಷಯ. ಮುಳ್ಳಿಗೆ ಎಲ್ಲರೂ ಹೆದರುತ್ತಾರೆ, ಹಾಲಿಗೆ ಯಾರೂ ಹೆದರುವುದಿಲ್ಲ. ಎರಡು ವರ್ಷದ ಹಿಂದೆ ಕೊಂಬೆ ಕತ್ತರಿಸುತ್ತಿದ್ದೆ. ಫೋನ್ ಬಂತು, ಮಾತಾಡುತ್ತ ಕಣ್ಣುಜ್ಜಿಕೊಂಡೆ. ಮೆಣಸಿನಕಾಯಿ ಏನೂ ಅಲ್ಲ, ಆ ಉರಿ! ಕಾಲು ಗಂಟೆ ನಲ್ಲಿ ಕೆಳಗೆ ಕಣ್ಣು ತೊಳೆದು ಡಾಕ್ಟರ ಹತ್ತಿರ ಓಡಿದೆ. ಎರಡು ದಿನ ಪೇಪರ್ ಓದಲಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾಕ್ಕೇ ಪೆಟ್ಟು ಬೀಳಬಹುದು, ಹಾಗಾಗಿ ತೊಳೆದರೆ ಸಾಕು ಅಂತ ಮನೆಯಲ್ಲಿ ಕೂರಬೇಡಿ. ಕೈಗವಸು ಹಾಕಿ, ಕನ್ನಡಕ ಹಾಕಿ, ಫೋನ್ ಒಳಗಿಡಿ. ಹಾಲು ಹೊಟ್ಟೆಗೂ ಹೋಗಬಾರದು. ಅಂಬೆಗಾಲಿಡುವ ಮಗು, ಎಲೆ ಕಡಿಯುವ ನಾಯಿ, ಬೆಕ್ಕು ಇದ್ದ ಮನೆಗೆ ಈ ಗಿಡ ಬೇಡ ಅಂತಲೇ ನಾನು ಹೇಳುವುದು. ದಾಸವಾಳ ಇಟ್ಟುಕೊಳ್ಳಿ.

ಹೊರಗಿನ ಬೆಂಚಿನ ಮೇಲೆ ಪೇಪರ್ ಸುತ್ತಿದ ಕಡ್ಡಿಗಳಿವೆ, ಒಬ್ಬರಿಗೆ ಒಂದು. ಕತ್ತರಿಸಿದ ತುದಿಯನ್ನು ನೀರಲ್ಲಿ ಅದ್ದಿ ಹಾಲು ನಿಲ್ಲಿಸಿ, ಐದು ದಿನ ನೆರಳಲ್ಲಿ ಒಣಗಿಸಿದ್ದೇನೆ. ಯಾವ ಕಡೆ ಬುಡ ಅಂತ ಗೊತ್ತಾಗಲಿ ಎಂದು ಅಲ್ಲಿ ಬಿಳಿ ದಾರ ಕಟ್ಟಿದೆ. ಇವತ್ತೇ ನೆಡಬಹುದು, ದಾರದ ಕಡೆ ಕೆಳಗೆ. ನೀರು ಮಾತ್ರ ಬುಧವಾರದ ಮೇಲೆ, ಅದೂ ಅರ್ಧ ಲೋಟ.